ಮುದ್ದೆಯೊಳಗಿನ ಭೂಗೋಳ

ತಮಗೆ ಗೊತ್ತಿರುವುದನ್ನು ಎದುರಿಗಿದ್ದವರಿಗೆ ವಿವರಿಸದೆ ಸುಮ್ಮನಿರಲಾರದ ಒಂದು ಜಾತಿಯ ಜನರಿದ್ದಾರೆ. ಅವರಲ್ಲಿ ಬಹುಪಾಲು ಮೇಷ್ಟ್ರುಗಳು, ಅದರಲ್ಲೂ ಭೂಗೋಳದವರು. ಲೆಕ್ಕದ ಮೇಷ್ಟ್ರು ಬೋರ್ಡು ಒರೆಸಿದರೆ ಅವರ ಕೆಲಸ ಮುಗಿಯಿತು. ನಮಗೆ ಹಾಗಲ್ಲ, ಹೊಸ್ತಿಲು ದಾಟಿದರೆ ಗಾಳಿ, ಮಣ್ಣು, ಬಂಡೆ, ಎಲ್ಲವೂ ಪಾಠವೇ. ಈ ಚಟದಿಂದಾಗಿ ನನ್ನ ಹೊಸ ಸಂಸಾರ ಸುಮಾರು ಒಂದೂವರೆ ತಿಂಗಳು ಎರಡು ಊರುಗಳಲ್ಲಿ ನಡೆಯಿತು. ಅದು ಐವತ್ತರ ದಶಕದ ಕೊನೆಯೋ ಅರವತ್ತರ ಮೊದಲೋ, ಖಚಿತವಾಗಿ ಹೇಳಲಾರೆ. ನನ್ನ ನೆನಪು ಎಲ್ಲವನ್ನೂ ಇಸ್ತ್ರಿ ಮಾಡಿ ಮಡಿಸಿಟ್ಟಿರುತ್ತದೆ. ಅಷ್ಟು ನೀಟಾಗಿ ಯಾವುದೂ ನಡೆದಿರಲಾರದು ಎಂಬ ಅನುಮಾನ ನನಗೇ ಇದೆ.

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಶಾಲೆಯಲ್ಲಿ ನನಗೆ ಕೆಲಸ. ಗಣಿ ಕಾರ್ಮಿಕರ ಮನೆಗಳ ಸಾಲಿನ ಪಕ್ಕದಲ್ಲೇ ಒಂದು ಬಾಡಿಗೆ ಮನೆ ಹಿಡಿದು, ಹೆಂಡತಿ ರತ್ನಳನ್ನು ಬಂಗಾರಪೇಟೆಯ ತವರಿನಿಂದ ಕರೆತಂದೆ. ನಾಲ್ಕನೆಯ ದಿನ ಮಧ್ಯಾಹ್ನ ನೆಲ ಧಡ್ ಎಂದಿತು. ಗೂಡಿನಲ್ಲಿ ಜೋಡಿಸಿದ್ದ ಮದುವೆಯ ಲೋಟಗಳೆಲ್ಲ ಕೆಳಗೆ ಹಾರಿದವು. ಪಕ್ಕದ ಮನೆಯ ಕುಪ್ಪಮ್ಮ ಬಾಗಿಲಿಗೆ ಬಂದು, "ಎದರ್ಕೋಬೇಡಮ್ಮಾ, ಒಳಗೆ ಬಂಡೆ ಸಿಡೀತು, ಅಷ್ಟೆ. ಲೋಟ ಎಲ್ಲಾ ನೆಲದ ಮೇಲಿಡು. ಈ ಊರಾಗೆ ಯಾರೂ ಮೇಲಿಡಲ್ಲ" ಎಂದವಳೇ ಸೆರಗು ಸಿಕ್ಕಿಸಿಕೊಂಡು, ಆಳುಗಳು ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆದಳು. ಅವಳ ಗಂಡ ಮಾರಿಮುತ್ತು ಆಗ ಗಣಿಯೊಳಗಿದ್ದ. ನೆಲ ಹೀಗೆ ನಡುಗಿದಾಗಲೆಲ್ಲ ಆ ಸಾಲಿನ ಹೆಂಗಸರು ಒಲೆ ಆರಿಸಿ, ಶಾಫ್ಟಿನ ಗೇಟಿಗೆ ಹೋಗಿ, ತಮ್ಮವರು ಮೇಲೆ ಬರುವವರೆಗೂ ನಿಂತಿರುತ್ತಿದ್ದರು. ರತ್ನ ಸಂಜೆಯ ರೈಲಿಗೆ ತವರಿಗೆ ಹೊರಟುಬಿಟ್ಟಳು.

ಭಾನುವಾರ ಕರೆತರಲು ಹೋದೆ. ಅತ್ತೆ ನೇರವಾಗಿಯೇ ಹೇಳಿದರು. "ಅಡೀಲೆಲ್ಲಾ ತೂತು ಕೊರ್ದವ್ರೆ, ಅಳಿಯಂದ್ರೇ. ಟೊಳ್ಳು ನೆಲದ ಮ್ಯಾಲೆ ನನ್ ಮಗಳು ಸಂಸಾರ ಮಾಡಾಕಿಲ್ಲ. ನೀವೇ ಇಲ್ಲಿದ್ಕಂಡು ಓಗಿ ಬನ್ನಿ, ರೈಲಿಲ್ವಾ?"

ಕೈಮುಗಿದು ಬೇಡಿಕೊಂಡಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ತಟ್ಟೆಗೆ ಬಿಸಿ ರಾಗಿಮುದ್ದೆ ಬಿತ್ತು. ಅದು ಗುಂಡಗಿತ್ತು, ಹೊರಗೆ ಆರಿ ಒಳಗೆ ಸುಡುತ್ತಿತ್ತು. ಭೂಗೋಳದ ಮೇಷ್ಟ್ರು ಇನ್ನೇನು ಮಾಡಿಯಾನು? "ಭೂಮೀನೂ ಹೀಗೇ, ಅತ್ತೆ" ಎಂದು ಶುರು ಮಾಡಿದೆ. ಮೇಲಿನ ತೆಳು ಸಿಪ್ಪೆಯೇ ನಾವಿರುವ ನೆಲ. ಗಣಿ ಎಷ್ಟೇ ಆಳವಿರಲಿ, ಈ ಸಿಪ್ಪೆಯನ್ನೂ ದಾಟಿಲ್ಲ. ಅದರ ಕೆಳಗೆ ದಪ್ಪನೆಯ ಬಿಸಿ ಬಂಡೆಯ ಪದರ, ಅದಕ್ಕೂ ಕೆಳಗೆ ಕರಗಿದ ಕಬ್ಬಿಣ. ಮೇಲಿನ ಬಂಡೆಗಳು ಒತ್ತಡವನ್ನು ತಡೆದೂ ತಡೆದೂ ಒಮ್ಮೆ ಬಿರುಕಿನಗುಂಟ ಸರಕ್ಕನೆ ಜಾರಿದರೆ ಭೂಕಂಪ. ನಮ್ಮೂರಿನದು ಅದರ ಮರಿ. ಕೊರೆದು ಖಾಲಿ ಮಾಡಿದ ಕಡೆ ಸುತ್ತಲಿನ ಭಾರ ತಾಳದೆ ಬಂಡೆ ಸಿಡಿಯುತ್ತದೆ.

ಅತ್ತೆ ಗಲ್ಲದ ಮೇಲೆ ಕೈಯಿಟ್ಟು ಕೇಳುತ್ತಿದ್ದರು. "ಇಷ್ಟೆಲ್ಲಾ ಯಾರು ಇಳಿದು ನೋಡ್ಕಂಡ್ ಬಂದ್ರು?"

"ಯಾರೂ ಇಳಿದಿಲ್ಲ. ಭೂಕಂಪದ ಅಲೆಗಳು ಒಳಗೆ ಎಲ್ಲಿ ಬಾಗುತ್ತವೆ, ಎಲ್ಲಿ ನಿಲ್ಲುತ್ತವೆ ಅಂತ ಅಳೆದು ತಿಳ್ಕೊಂಡಿದ್ದು."

"ಔದಾ!" ಎಂದರು. ರತ್ನ ಆಗಲೇ ಹೊರಡಲೆಂದು ಸೀರೆ ಮಡಿಸಲು ಎದ್ದಿದ್ದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಟ್ಟನಡುವಿನ ಘನ ತಿರುಳೊಂದು ಬಾಕಿಯಿತ್ತಲ್ಲ. ಮುದ್ದೆಯ ಮಧ್ಯಕ್ಕೆ ಬೆರಳು ಚುಚ್ಚಿ, "ಇಲ್ಲಿ ಮಾತ್ರ ಗಟ್ಟಿ ಗಂಟು" ಎಂದೆ.

ಅತ್ತೆಯ ಕೈ ಗಲ್ಲದಿಂದ ಕೆಳಗಿಳಿಯಿತು. ನಮ್ಮ ಕಡೆ ಅತ್ತೆಮನೆಯ ಗೋಡೆ ಸೊಟ್ಟಗಿದೆ ಎನ್ನಬಹುದು, ಎಮ್ಮೆ ಬಡಕಲು ಎನ್ನಬಹುದು. ಮುದ್ದೆಯಲ್ಲಿ ಗಂಟಿದೆ ಎಂದವನನ್ನು ಯಾರೂ ಕ್ಷಮಿಸುವುದಿಲ್ಲ.

"ನಲವತ್ತು ವರ್ಸದಿಂದ ಮುದ್ದೆ ಕೋಲು ಇಡಿದಿವ್ನಿ. ನನ್ ಮುದ್ದೇಲಿ ಗಂಟಾ?"

"ಮುದ್ದೇಲಲ್ಲ ಅತ್ತೆ, ಭೂಮೀಲಿ..."

"ಬೆರಳು ಮಡಗಿದ್ದು ಯಾವುದರಾಗೆ? ರತ್ನಾ, ಇವರೂರಿನ ನೆಲ ಅಲ್ಲಾಡದಿದ್ರೂ ನೀನು ಓಗ್‌ಕೂಡದು!"

ಒಬ್ಬನೇ ರೈಲು ಹತ್ತಿದೆ. ಒಂದು ತಿಂಗಳು ನಾನೇ ಮುದ್ದೆ ಮಾಡಿಕೊಂಡೆ. ಅದರಲ್ಲಿ ಗಂಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಆಮೇಲೆ ಶಾಲೆಗೆ ರಜೆಯಿದ್ದ ಒಂದು ದಿನ, ಬೆಳಿಗ್ಗೆ, ಗಡ್ಡಕ್ಕೆ ಸೋಪು ಹಚ್ಚಿ ಕೂತಿದ್ದಾಗ ನೆಲ ಹಿಂದೆಂದೂ ಕಾಣದಷ್ಟು ಜೋರಾಗಿ ನಡುಗಿತು. ಬೀದಿಗೆ ಓಡಿದೆ. ದೊಡ್ಡ ಕಂಪನದ ಹಿಂದೆ ಮರಿ ಕಂಪನಗಳು ಬರುತ್ತವೆಂದು ಪುಸ್ತಕದಲ್ಲಿ ಓದಿದ್ದರಿಂದ ಒಳಗೆ ಹೋಗಲು ಧೈರ್ಯ ಬರಲಿಲ್ಲ. ಹೆಂಗಸರು ನನ್ನ ಮುಂದೆಯೇ ಶಾಫ್ಟಿನ ಕಡೆ ಹೊರಟರು. ಕುಪ್ಪಮ್ಮ ಒಂದು ಗಳಿಗೆ ನಿಂತು, "ಮೊಕ ತೊಳ್ಕೊಳಿ, ಸಾರ್" ಎಂದಳು.

"ಇನ್ನೊಂದು ಬರಬಹುದಮ್ಮಾ."

"ಬಂದ್ರೆ? ಅದಕ್ಕೂ ಸೋಪು ಹಚ್ಕಂಡೇ ನಿಲ್ಲಬೇಕಾ?"

ಎರಡು ಗಂಟೆ ಅಲ್ಲೇ ನಿಂತೆ. ಸೋಪು ಒಣಗಿ ಮುಖ ಬಿಗಿಯಿತು. ಆಗ ಬೀದಿಯ ತುದಿಯಲ್ಲಿ ರತ್ನ ಕಂಡಳು, ಕೈಯಲ್ಲಿ ಟ್ರಂಕು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಉಸಿರು ಬಿಟ್ಟಳು.

"ಅಲ್ಲೂ ಅಲ್ಲಾಡ್ತು. ಎಲ್ಲಿದ್ರೂ ಅಲ್ಲಾಡೋದಾದ್ರೆ ನಮ್ಮನೇಲೇ ಅಲ್ಲಾಡ್ಲಿ ಅಂತ ಬಂದೆ. ಕುಪ್ಪಮ್ಮ ಎಲ್ಲಿ?"

"ಶಾಫ್ಟಿನ ಹತ್ರ."

"ಮಾರಿಮುತ್ತಣ್ಣ ಕೆಳಗವ್ರಾ?"

ಹೌದೆಂದು ತಲೆಯಾಡಿಸಿದೆ. ಟ್ರಂಕನ್ನು ನನ್ನ ಕೈಗೆ ಕೊಟ್ಟು ಅವಳು ಬಿರಬಿರನೆ ನಡೆದಳು. ನಾನು ಅದನ್ನು ಹೆಗಲಿಗೇರಿಸಿ ಹಿಂದೆ ಹೋದೆ.

ಗೇಟಿನಲ್ಲಿ ಹೆಂಗಸರೆಲ್ಲ ಶಾಫ್ಟಿನ ಬಾಯಿಯನ್ನೇ ನೋಡುತ್ತಿದ್ದರು. ರತ್ನ ಕುಪ್ಪಮ್ಮನ ಕೈ ಹಿಡಿದು ನಿಂತಳು. ಆಳುಗಳನ್ನು ಮೇಲೆತ್ತುವ ಕೇಜು ಒಮ್ಮೆ ಬಂತು, ಅವನಿಲ್ಲ. ಮತ್ತೊಮ್ಮೆ ಬಂತು, ಅದರಲ್ಲೂ ಇಲ್ಲ. ಮೂರನೆಯದರಲ್ಲಿ ಮಾರಿಮುತ್ತು ಧೂಳು ಮೆತ್ತಿದ ಮುಖದಿಂದ ಇಳಿದ. ಕುಪ್ಪಮ್ಮ ಒಲೆ ಹಚ್ಚಲು ಮನೆ ಕಡೆ ತಿರುಗಿದಳು. ರತ್ನ ಜೊತೆಗೆ ನಡೆದಳು.

ಮಾರಿಮುತ್ತು ನನ್ನ ಒಣಗಿದ ಸೋಪನ್ನೂ ಹೆಗಲ ಮೇಲಿನ ಟ್ರಂಕನ್ನೂ ನೋಡಿ ಗಾಬರಿಯಾದ.

"ಏನ್ ಸಾರ್, ಮೇಲೆ ಅಷ್ಟು ಜೋರಾಗಿತ್ತಾ? ನಿಮಗೇನೂ ಆಗಿಲ್ವಲ್ಲಾ?"

ಅವನು ನಿಜವಾದ ಕನಿಕರದಿಂದಲೇ ಕೇಳಿದ್ದ. "ಏನಿಲ್ಲಪ್ಪಾ" ಎಂದೆ. ಅವನು ನನ್ನ ಹೆಗಲಿನಿಂದ ಟ್ರಂಕು ಇಳಿಸಿಕೊಂಡು ತಾನೇ ಹೊತ್ತು ಮುಂದೆ ನಡೆದ. ಬೇಡ ಬೇಡ ಎಂದು ನಾನು ಬಹಳ ಹೇಳಿದೆನೆಂದು ನನ್ನ ನೆನಪು. ಮಾರಿಮುತ್ತು ಹೊತ್ತದ್ದು ತನಗೆ ನೆನಪಿದೆ, ನಾನು ಬೇಡ ಎಂದದ್ದು ಮಾತ್ರ ಕೇಳಿಸಲೇ ಇಲ್ಲ ಎನ್ನುತ್ತಾಳೆ ರತ್ನ.