ಸರಕು, ಸೇವೆ ಮತ್ತು ಸಲೋಮಿ

ದೊಡ್ಡವರಿಗೆ ಪಾಠ ಹೇಳುವುದು ಸುಲಭ. ಅರ್ಥವಾಗದಿದ್ದರೂ ತಲೆಯಾಡಿಸುವಷ್ಟು ಸೌಜನ್ಯ ಅವರಿಗಿರುತ್ತದೆ. ಆ ತಲೆಯಾಟವನ್ನೇ ನಂಬಿಕೊಂಡು ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಇಷ್ಟು ವರ್ಷ ವಾಣಿಜ್ಯಶಾಸ್ತ್ರ ಕಲಿಸುತ್ತ ಬಂದೆ. ನನ್ನ ಮಾನ ಹೋದದ್ದು ಬೀದರಿನ ನಮ್ಮ ಮನೆಯಲ್ಲಿ, ಎರಡನೇ ಇಯತ್ತೆಯ ಮಗಳು ಸಲೋಮಿಯ ಮುಂದೆ. ಕ್ರಿಸ್‌ಮಸ್ ರಜೆಗೆ ಮುಂಚೆ ಅವಳು ಶಾಲೆಯಲ್ಲಿ ಎಲ್ಲರೆದುರು ನಿಂತು ಸರಕು ಎಂದರೇನು, ಸೇವೆ ಎಂದರೇನು ಎಂದು ಹೇಳಬೇಕಿತ್ತು. ಹಿಂದೊಮ್ಮೆ ಹೀಗೆ ನಿಂತವಳು ಒಂದಕ್ಷರವೂ ಹೊರಡದೆ ಅತ್ತುಬಿಟ್ಟಿದ್ದಳು; ಆಮೇಲೆ ಶಾಲೆಗೇ ಹೋಗಲೊಲ್ಲೆ ಎಂದು ಹಟ. ಈ ಸಲವೂ ಹಾಗಾದರೆ ಮಗು ನಾಲ್ಕು ಜನರೆದುರು ಬಾಯಿ ತೆರೆಯುವುದನ್ನೇ ಬಿಟ್ಟೀತೆಂದು ನನಗೆ ನಿಜಕ್ಕೂ ಭಯವಿತ್ತು.

ಮೊದಲು ಕಾಲೇಜಿನ ವ್ಯಾಖ್ಯೆಯನ್ನೇ ಹೇಳಿದೆ. ಆಕಳಿಸಿದಳು. ಸರಿ, ಕೆಳಗಿಳಿದು ಬಂದೆ.

"ಕೈಲೆ ಹಿಡದು ಮನಿಗೆ ತರ್ಲಿಕ್ಕೆ ಬಂದ್ರ ಅದು ಸರಕು."

"ಹಂಗಾದ್ರ ನಮ್ಮ ತಮ್ಮ ಸರಕಾ? ದವಾಖಾನಿಯಿಂದ ನೀವೇ ಹಿಡ್ಕೊಂಡು ಬಂದೀರಿ!"

ಔರಾದಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಎಸ್ತೇರ್ ಆಗಷ್ಟೇ ಸಂತಪುರದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಒಲೆ ಹಚ್ಚಿದ್ದಳು. ಅಡುಗೆಮನೆಯಿಂದಲೇ, "ರೀ, ಮೊದ್ಲ ನೀವು ಒಂದ್ಸಲ ಓದ್ಕೊಳ್ರಿ," ಎಂದಳು. ಹದಿಹರೆಯದ ಮಕ್ಕಳನ್ನು ಪಾಸು ಮಾಡಿಸಿದವನಿಗೆ ಈ ಮಾತು!

ನಮ್ಮ ಓಣಿಯಲ್ಲಿ ಹಬ್ಬದ ಬಿಸ್ಕೀಟನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಮೈದಾ, ಸಕ್ಕರೆ, ತುಪ್ಪ ಎಲ್ಲವನ್ನೂ ಮನೆಯಿಂದಲೇ ಬೇಕರಿಯ ಖಾದರ್ ಚಾಚಾರ ಭಟ್ಟಿಗೆ ಒಯ್ಯಬೇಕು. ಅವರು ರಂಜಾನಿಗೆ ತಮ್ಮವರಿಗೆ, ಕ್ರಿಸ್‌ಮಸ್‌ಗೆ ನಮ್ಮವರಿಗೆ ಕಲಸಿ ಬೇಯಿಸಿ, ನಮ್ಮದೇ ಡಬ್ಬಿಗೆ ತುಂಬಿಕೊಡುತ್ತಾರೆ. ಒಬ್ಬರ ತುಪ್ಪ ಇನ್ನೊಬ್ಬರ ಹಿಟ್ಟಿಗೆ ಹೋಗದಂತೆ ಮನೆಗೊಬ್ಬರು ಭಟ್ಟಿಯ ಮುಂದೆ ಕಾವಲು ಕೂರುವುದು ರೂಢಿ. ನಮ್ಮ ಮನೆಯಿಂದ ಆ ಹೊಣೆ ನನ್ನದು. ಕೂತಲ್ಲೇ ಮುಗಿಯುವ ಕೆಲಸವೆಂದು ಎಸ್ತೇರ್ ನೋಡಿಯೇ ವಹಿಸಿದ್ದಾಳೆ. ಈ ಸಲ ಸಲೋಮಿಯೂ ಜೊತೆಗೆ ಬಂದಳು.

"ಚಾಚಾ, ಮೈದಾ ನಮ್ದು, ತುಪ್ಪ ನಮ್ದು, ಡಬ್ಬಿ ಭೀ ನಮ್ದು. ಮತ್ತ ನೀವು ಏನ್ ಕೊಟ್ರಿ?"

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಚಾಚಾ ಮಾತ್ರ ಗಡ್ಡ ಅಲುಗುವಂತೆ ನಕ್ಕರು. "ಅರೆ ಬೇಟಿ, ನಂಗೇನ್ ಗೊತ್ತು? ಪ್ರೊಫೆಸರ್ ಸಾಬ್ ಬಾಜೂಕೇ ಕುಂತಾರಲ್ಲ, ಅವರ್ನೇ ಕೇಳು." ಪ್ರೊಫೆಸರ್ ಸಾಬರು ಭಟ್ಟಿಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡರು.

ಮರಳುವಾಗ ಆಟೊದಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಮುಟ್ಟುತ್ತಾಳೆ, ಕೈ ತೆಗೆಯುತ್ತಾಳೆ, ಮತ್ತೆ ಮುಟ್ಟುತ್ತಾಳೆ. ಕೊನೆಗೆ ಹೇಳಿದಳು: "ಅಪ್ಪಾ, ಒಯ್ಯುವಾಗ ತಣ್ಣಗಿತ್ತು. ಈಗ ಬಿಸಿ ಅದ. ಈ ಬಿಸಿ ಮಾಡಿದ್ದು ಸೇವಾ. ಹೌದಿಲ್ರಿ?"

ಹೌದವ್ವ ಎಂದೆ.

ಭಾಷಣದ ದಿನ ಬಂತು. ರಜೆ ಹಾಕಿ, ಉಳಿದ ತಂದೆತಾಯಿಯರ ಹಿಂದೆ ಬಾಗಿಲ ಬಳಿ ನಿಂತೆ. ಸಲೋಮಿ ಮುಂದೆ ಬಂದು ಲಂಗದ ಅಂಚು ಹಿಡಿದುಕೊಂಡು ಸುಮ್ಮನೆ ನಿಂತಳು. ತುಟಿ ನಡುಗಿತು. ಅಷ್ಟರಲ್ಲಿ ಅವಳ ಕಣ್ಣಿಗೆ ನಾನು ಬಿದ್ದೆ. ಉದಾಹರಣೆ ಸಿಕ್ಕಿತೆಂದು ಕಾಣುತ್ತದೆ, ಮಾತು ಹೊರಟಿತು.

"ನಮ್ಮವ್ವ ದವಾಖಾನ್ಯಾಗ ಸೂಜಿ ಮಾಡ್ತಾಳ, ಮನ್ಯಾಗ ರೊಟ್ಟಿ ಮಾಡ್ತಾಳ. ಅದು ಸೇವಾ. ಇಟ್ಟಲ್ಲೇ ಇರೋದು ಸರಕು. ನಮ್ಮಪ್ಪ ಸರಕು. ಮಂಚದ ಮ್ಯಾಲೆ ಇರ್ತಾರ. ಕಸ ಹೊಡಿವಾಗ ಅವ್ವ ಮಂಚದ ಸಂಗಟ ಅವರ್ನೂ ಸರಿಸ್ತಾಳ."

ಶಾಲೆಯೇ ಕುಣಿದಾಡುವಂತೆ ನಗು. ಆದರೆ ಮಗಳು ಅಳಲಿಲ್ಲ. ಜನ ನಕ್ಕಷ್ಟೂ ದನಿ ಏರಿಸಿ ತಮ್ಮನ ಮೇಲೂ ನಾಲ್ಕು ಮಾತಾಡಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಸಂಜೆ ಎಸ್ತೇರ್ ಬರುವ ಮೊದಲೇ ಕಸಬರಿಗೆ ಹಿಡಿದೆ. ಒಂದು ಮೂಲೆ ಆಗಿರಬೇಕು, ಸಲೋಮಿ ಹೊಸ್ತಿಲಲ್ಲಿ ನಿಂತು ಕನಿಕರದಿಂದ ನೋಡಿದಳು.

"ಭಾಷಣ ಮುಗೀತಲ್ಲಪ್ಪಾ. ಈಗ್ಯಾಕ್ರಿ?"

ಊರೆದುರು ಮಗಳು ಆಡಿದ ಮಾತು ಸುಳ್ಳಾಗಬಾರದಲ್ಲ. ಕಸಬರಿಗೆಯನ್ನು ಗೋಡೆಗೊರಗಿಸಿ ಮಂಚಕ್ಕೆ ಮರಳಿದೆ.