ಎರಡು ಮೊಳದ ಕಾರ್ಕಳ ಬಸ್ಸು

ಅಂಗಡಿಯಲ್ಲಿ ಒಂದು ಸಾಮಾನು ಕೇಳಿ, ಅದು ಯಾತಕ್ಕೆಂದು ಹೇಳಲಾಗದೆ ಪೇಚಾಡುವುದು ಕೆಲವರ ಹಣೆಯಲ್ಲಿ ಬರೆದಿರುತ್ತದೆ. ನನ್ನ ಹಣೆಯಲ್ಲಿ ಕೊಂಚ ದಪ್ಪ ಅಕ್ಷರದಲ್ಲೇ ಬರೆದಿತ್ತು.

ಅರವತ್ತರ ದಶಕ. ನಾನು ಅಹಮದಾಬಾದಿನ ಒಂದು ಪ್ರಯೋಗಾಲಯದಲ್ಲಿ ಫಿಟ್ಟರ್. ಹೊಸದಾಗಿ ಕರೆತಂದ ಹೆಂಡತಿಗೆ ಇಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಜನವಿಲ್ಲ. ಊರಿನಲ್ಲಿ ಸಂಜೆಯಾದರೆ ಅವಳ ಮನೆಯ ಮುಂದೆ ಕಾರ್ಕಳದ ಬಸ್ಸು ಹಾರ್ನು ಹೊಡೆದು ನಿಲ್ಲುತ್ತಿತ್ತು. ಆ ಹೊತ್ತಿಗೆ ಇಲ್ಲಿಯೂ ಬಾಗಿಲಿಗೆ ಹೋಗಿ ಸುಮ್ಮನೆ ನಿಲ್ಲುವಳು. ಒಮ್ಮೆ ಊರಿಗೆ ಕರೆದೊಯ್ಯೋಣ ಎನಿಸುತ್ತಿತ್ತು. ಆದರೆ ಹೊಸ ನೌಕರಿ, ಸಾಹೇಬರ ಮುಂದೆ ರಜೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೇ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನು ತಂದು ಅದೇ ಬಸ್ಸನ್ನು ಎರಡು ಮೊಳ ಉದ್ದಕ್ಕೆ ಮಾಡಲು ಕೂತೆ.

"ಊರಿಗೆ ಕರ್ಕೊಂಡು ಹೋಗಿ ಅಂದ್ರೆ ಬಸ್ಸು ಮಾಡ್ಲಿಕ್ಕೆ ಕೂತದ್ದಾ ನೀವು?" ಎಂದಳು ಹೆಂಡತಿ.

ಸ್ಟೇರಿಂಗು

ಸ್ಟೇರಿಂಗಿಗೆ ಕರಿಬಳೆಯೇ ಸರಿ ಎಂದು ಬಳೆ ಅಂಗಡಿಗೆ ಹೋದೆ. "ಎಲ್ಲಕ್ಕಿಂತ ಚಿಕ್ಕದು, ಒಂದೇ ಒಂದು" ಎಂದೆ.

ಅಂಗಡಿಯವನ ಮುಖ ಅರಳಿತು. "ಮಗುವಿಗಾ ಭಾಯಿ?"

"ಮಗು ಇಲ್ಲ."

"ಇನ್ನೂ ಬರಬೇಕು ಅನ್ನಿ!"

ಪಕ್ಕದಲ್ಲೇ ನಮ್ಮ ಮನೆಯೊಡತಿ ಬಳೆ ತೊಡಿಸಿಕೊಳ್ಳುತ್ತಿದ್ದರು. ಅಂದಿನಿಂದ ನನ್ನ ಹೆಂಡತಿ ಕೊಡ ಎತ್ತುವ ಹಾಗಿಲ್ಲ ಎಂದು ಅವರ ಅಪ್ಪಣೆಯಾಯಿತು. ನೀರು ಹೊರುವ ಕೆಲಸ ನನ್ನ ಹೆಗಲಿಗೆ ಬಂತು. ಸೊಂಟ ನೋಯತೊಡಗಿದ ಮೇಲೆ ಅವರನ್ನು ಒಳಗೆ ಕರೆದು, "ನೋಡಿ, ಬಳೆ ತಂದದ್ದು ಇದಕ್ಕೆ" ಎಂದು ಬಸ್ಸನ್ನೇ ತೋರಿಸಿದೆ. ಅವರು ಅದನ್ನು ಕಣ್ತುಂಬ ನೋಡಿ ಹೆಂಡತಿಯ ಗಲ್ಲ ಹಿಡಿದರು.

"ಆಟದ ಸಾಮಾನೂ ತಯಾರಾಗ್ತಾ ಇದೆಯಾ! ಗಂಡು ಮಗುವೇ ಬೇಕಂತೆಯಾ ಇವನಿಗೆ?"

ಹಾರ್ನು

ಕಚೇರಿಯ ಕೆಲಸಕ್ಕೆ ಆಗಾಗ ವಡೋದರಾಕ್ಕೆ ಹೋಗುತ್ತಿದ್ದೆ. ಅಲ್ಲಿನ ಔಷಧಿ ಅಂಗಡಿಯಲ್ಲಿ ಹನಿ ಹಾಕುವ ಗಾಜಿನ ಕೊಳವೆ ಕಂಡಿತು. ಅದರ ರಬ್ಬರಿನ ಬುರುಡೆ ಥೇಟ್ ನಮ್ಮ ಬಸ್ಸಿನ ಹಾರ್ನಿನದೇ! ಹೇಗೂ ತೆಗೆದುಕೊಳ್ಳುವುದು, ಸದ್ದು ಬರುವಂಥದ್ದೇ ಸಿಗಲಿ ಎಂದು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಮುಕಿದೆ. ಬರೀ ಗಾಳಿ.

"ಕೇಳಿಸ್ತಾ?" ಎಂದ ಅಂಗಡಿಯವನು.

"ಇಲ್ಲ. ಒಂದೂ ಕೇಳಿಸ್ತಾ ಇಲ್ಲ" ಎಂದೆ ಬೇಸರದಿಂದ.

ಅವನು ಪಾಪ, ನನ್ನನ್ನು ಕಿವುಡನೆಂದು ತಿಳಿದ. ಮುಂದಿನ ಸಲ ಹೋದಾಗ ಹೊಟ್ಟೆ ಕೆಟ್ಟಿದೆ ಎಂದು ಮೆಲ್ಲಗೆ ಹೇಳಿದೆ. ಅವನು ನನಗೆ ಕೇಳಿಸಲಿ ಎಂದು, "ಎಷ್ಟು ಸಲ ಹೋಯ್ತು?" ಎಂದು ಕೂಗಿದ. ಎದುರು ಅಂಗಡಿಯ ಗಿರಾಕಿಗಳೂ ಉತ್ತರಕ್ಕೆ ಕಾದು ನಿಂತರು.

ಏಣಿ

ಬಸ್ಸಿನ ಮೂತಿಯ ಸುತ್ತ ಹೊಳೆಯುವ ಪಟ್ಟಿಗೆ ಸೂರತ್ತಿನ ಜರಿಯೇ ಆಗಬೇಕು. ಕೆಲಸದ ಮೇಲೆ ಅಲ್ಲಿಗೂ ಹೋದೆ; ನಮ್ಮ ಕಡೆಯವರದೊಂದು ಹೋಟೆಲಿತ್ತು. ಜರಿ ಎಲ್ಲಿ ಸಿಗುತ್ತದೆ ಎಂದು ಯಜಮಾನರನ್ನು ಕೇಳಿದೆ. ಸೀರೆಗಾ ಎಂದರು. ಹಲಗೆಯಲ್ಲಿ ಮಾಡುತ್ತಿರುವ ಕಾರ್ಕಳದ ಬಸ್ಸಿಗೆ ಎಂದೆ.

ಅವರು ಗಲ್ಲಾ ಬಿಟ್ಟು ಎದ್ದು ಬಂದರು. "ಹಿಂದಿನ ಏಣಿ ಎಡಕ್ಕೆ ಇಟ್ಟಿದ್ದೀರಲ್ಲ?"

"ಬಲಕ್ಕೆ."

"ಎಂತ ಬಲಕ್ಕೆ ಮಾರಾಯ್ರೇ! ನಾನು ಊರು ಬಿಡುವಾಗ ನನ್ನ ಟ್ರಂಕು ಎಡಗಡೆಯಿಂದ ಹತ್ತಿದ್ದು!"

ಒಳಗಿನಿಂದ ದೋಸೆ ಭಟ್ಟರು ಸಟ್ಟುಗದ ಸಮೇತ ಓಡಿ ಬಂದರು. "ಬಲಕ್ಕೇ! ಅಮ್ಮ ಏಣಿಯ ಹತ್ತಿರ ನಿಂತು ಅಳ್ತಾ ಇದ್ದದ್ದು ನನಗೆ ಗೊತ್ತಿಲ್ವಾ?"

ಮಾತು ಏಣಿಯಿಂದ ಶುರುವಾಗಿ ಒಬ್ಬೊಬ್ಬರ ಊರು, ಮನೆ, ತೋಡಿನ ನೀರು, ಅಮ್ಮ ಎಂದು ಎಲ್ಲೆಲ್ಲಿಗೋ ಹೋಯಿತು. ಒಳಗೆ ದೋಸೆ ಕರಟಿ ಹೋಟೆಲೆಲ್ಲ ಹೊಗೆ. ಎಲ್ಲರೂ ಕಣ್ಣೊರೆಸಿಕೊಂಡೆವು. ಗಿರಾಕಿಯೊಬ್ಬ ಹೆದರಿ, "ಬಸ್ಸು ಅಪಘಾತವಾ?" ಎಂದು ಕೇಳಿದ.

"ಇಲ್ಲ, ಏಣಿ ಮಾತ್ರ" ಎಂದರು ಯಜಮಾನರು.

ಸೀಟು

ಅಂತೂ ಬಸ್ಸು ಮುಗಿಯಿತು. ಜಗಳ ಬೇಡವೆಂದು ಏಣಿಯನ್ನು ನಟ್ಟನಡುವೆ ಇಟ್ಟಿದ್ದೆ. ಸಂಜೆ ಹೆಂಡತಿ ಬಾಗಿಲಿಗೆ ಹೋಗುವ ಹೊತ್ತಿಗೆ ಸರಿಯಾಗಿ ಅದನ್ನು ಹೊಸ್ತಿಲ ಒಳಗೆ ತಂದು ನಿಲ್ಲಿಸಿ ಹಾರ್ನು ಅಮುಕಿದೆ. ಪುಸ್ ಎಂದಿತು.

"ಹಾಗಲ್ಲ" ಎಂದು ಅವಳೇ ಬಾಯಲ್ಲಿ "ಪೋಂ... ಪೋಂ..." ಎಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಸುತ್ತ ಒಂದು ಸಲ ನೋಡಿ, ಸೊಂಟದಲ್ಲಿ ಸಿಕ್ಕಿಸಿದ್ದ ಕರವಸ್ತ್ರ ತೆಗೆದು, ನಮ್ಮೂರಲ್ಲಿ ಬಸ್ಸು ನಿಲ್ಲುವ ಮೊದಲೇ ಎಲ್ಲರೂ ಮಾಡುವ ಹಾಗೆ, ಕಿಟಕಿಯಿಂದ ಒಳಗೆ ತೂರಿಸಿ ಮುಂದಿನ ಸೀಟಿನ ಮೇಲೆ ಹಾಕಿದಳು.

"ಸೀಟು ಹಿಡಿದಾಯ್ತು. ಬಸ್ಸು ಯಾವಾಗ ಬಿಡ್ತದೆ?"

ಮರುದಿನ ಹೇಗೋ ಧೈರ್ಯ ಮಾಡಿ ಸಾಹೇಬರ ಕೋಣೆಗೆ ನುಗ್ಗಿ ರಜೆ ಕೇಳಿದೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಅಷ್ಟು ಅರ್ಜೆಂಟೇನು?"

ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ಕಾರಣಗಳೆಲ್ಲ ಮರೆತೇಹೋದವು.

"ಹೆಂಡತಿ ಕರವಸ್ತ್ರ ಹಾಕಿ ಆಗಿದೆ ಸಾರ್" ಎಂದೆ.