ಮೇಷ್ಟ್ರು ಕಾವಿಗೆ ಕೂತದ್ದು

ನಾನು ಏನನ್ನಾದರೂ ಗುಟ್ಟಾಗಿ ಮಾಡಲು ಹೊರಟರೆ ಸಾಕು, ಹತ್ತು ಜನ ಸಹಾಯಕ್ಕೆ ಬಂದುಬಿಡುತ್ತಾರೆ. ಜೆ.ಪಿ. ನಗರದಲ್ಲಿ ಇಷ್ಟು ವರ್ಷ ಇದ್ದೂ ಒಂದೇ ಒಂದು ಗುಟ್ಟನ್ನು ಉಳಿಸಿಕೊಳ್ಳಲು ನನ್ನಿಂದ ಆಗಿಲ್ಲ. ಕೋಳಿಮೊಟ್ಟೆಗೆ ಬಲ್ಬಿನ ಕಾವು ಕೊಟ್ಟು ಮರಿ ಮಾಡಲು ಹೋದಾಗಲೂ ಅದೇ ಆಯಿತು.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು. "ಇಪ್ಪತ್ತೊಂದು ದಿನ, ಮೂವತ್ತೇಳೂವರೆ ಡಿಗ್ರಿ" ಎಂದು ಪ್ರತಿ ವರ್ಷ ಹೇಳಿ, ಬೋರ್ಡಿನ ಮೇಲೆ ಮೊಟ್ಟೆ ಬರೆದು, ಚಿಪ್ಪನ್ನು ಕಾಲಿನಿಂದ ಒದ್ದು ಹೊರಬರುವ ಮರಿಯನ್ನೂ ಬರೆಯುತ್ತಿದ್ದೆ. ಈ ವರ್ಷ, ನನ್ನ ನಿವೃತ್ತಿಯ ದಿನ, ಕೊನೆಯ ಪೀರಿಯಡ್ಡಿನಲ್ಲಿ, ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಮರಿ ಆಚೆ ಬರೋದನ್ನ ನೀವು ಕಣ್ಣಾರೆ ನೋಡಿದೀರಾ?"

"ನೋಡದೆ ಇರ್ತೀನಾ?" ಎಂದೆ.

ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮೊಟ್ಟೆಯನ್ನು ಕೈಯಲ್ಲಿ ಹಿಡಿದವರಲ್ಲ. ಹಾರ, ಶಾಲು ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಆ ಸುಳ್ಳು ನನ್ನನ್ನು ಬಿಡಲಿಲ್ಲ. ಕೊನೆಯ ಪಾಠದಲ್ಲೇ ಮಗುವಿಗೆ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ಅದನ್ನು ನಿಜ ಮಾಡಿಯೇ ತೀರಬೇಕೆಂದು ಹೊರಟೆ.

ಒಂದು: ಅರೆಕೆರೆಯ ಅಂಗಡಿ

ನಮ್ಮ ಬೀದಿಯಲ್ಲಿ ಮೊಟ್ಟೆ ಕೊಂಡರೆ ಮಾನ ಹೋಗುತ್ತದೆ. ಆಟೋ ಹತ್ತಿ ಅರೆಕೆರೆಗೆ ಹೋದೆ. ದಾರಿಯಲ್ಲಿ ಹಣೆಯ ವಿಭೂತಿಯನ್ನೂ ಒರೆಸಿಕೊಂಡೆ. ಗುರುತಿನವರು ಯಾರೂ ಇಲ್ಲದ ಒಂದು ಸಣ್ಣ ಅಂಗಡಿ ನೋಡಿ, ದನಿ ತಗ್ಗಿಸಿ ಹನ್ನೆರಡು ಮೊಟ್ಟೆ ಕೇಳಿದೆ.

ಅಂಗಡಿಯ ಹೆಂಗಸು ನನ್ನ ಮುಖ ನೋಡಿ ಎದ್ದು ನಿಂತೇಬಿಟ್ಟರು. "ಅಯ್ಯೋ, ಸಾರ್ ನೀವಾ? ನನ್ನ ಮಗಳು ನಿಮ್ಮ ಸ್ಟೂಡೆಂಟು." ಮಗಳು ಯಾರೆಂದು ಕೇಳಿದರೆ ಅದೇ ಎರಡನೇ ಬೆಂಚಿನ ಹುಡುಗಿ.

ಆಮೇಲೆ ಆಕೆ ನನ್ನ ಬರಿ ಹಣೆಯನ್ನೂ ಮೊಟ್ಟೆಯನ್ನೂ ನೋಡಿ, ಬಹಳ ಮರುಕದಿಂದ, ಡಾಕ್ಟರು ತಿನ್ನಲು ಹೇಳಿದರಾ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಒಂದು ಸುಳ್ಳು ಸರಿಪಡಿಸಲು ಹೋಗಿ ಇನ್ನೊಂದು ಸುಳ್ಳಾಯಿತು. ಆಕೆ ಮೊಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ನಾನು ಮನೆ ತಲುಪುವ ಹೊತ್ತಿಗೆ ಹತ್ತನೇ ತರಗತಿಯ ನಲವತ್ತೆರಡು ಮಕ್ಕಳೂ ನನ್ನ ಫೋನಿಗೆ "ಬೇಗ ಹುಷಾರಾಗಿ ಸಾರ್" ಎಂದು ಕಳಿಸಿಯಾಗಿತ್ತು.

ಎರಡು: ಯುಪಿಎಸ್ ಇದ್ದ ಜಾಗ

ಫೋನು ಟಿಂಗ್ ಟಿಂಗ್ ಎನ್ನುತ್ತಿದ್ದರೆ ಹೆಂಡತಿಗೆ ಹೇಳದೆ ಇರುವುದು ಹೇಗೆ? ಎಲ್ಲ ಹೇಳಿದೆ. ಅವಳು, ಮಗುವಿಗೆ ಹೇಳಿದ ಮಾತು ನಿಜವಾಗಲಿ, ಆದರೆ ಅಡುಗೆಮನೆಗೆ ಬೇಡ ಎಂದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದ್ದು ನನ್ನ ಪುಣ್ಯ.

ಥರ್ಮಾಕೋಲ್ ಡಬ್ಬ ಸಿಕ್ಕಿತು. ಆದರೆ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯವರು ಪಾಪ ಏಣಿ ಹಾಕಿ, ಅಟ್ಟದಿಂದ ಹಳೇ ಅರವತ್ತು ವ್ಯಾಟಿನ ಬಲ್ಬು ಇಳಿಸಿಕೊಟ್ಟರು. ಕರೆಂಟು ಹೋದರೂ ಉರಿಯಬೇಕಲ್ಲ, ಯುಪಿಎಸ್ ಇದ್ದ ಪ್ಲಗ್ಗು ಇದ್ದದ್ದು ದೇವರ ಕೋಣೆಯ ಬಾಗಿಲಲ್ಲಿ. ಡಬ್ಬ ಅಲ್ಲೇ ಕೂತಿತು.

ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸಬೇಕು. ಯಾವ ಮಗ್ಗುಲು ಮೇಲಿತ್ತು ಎಂದು ತಿಳಿಯಲು ನಾನು ಹಾಕಿದ ಪೆನ್ಸಿಲ್ ಗುರುತು ಹೆಂಡತಿಗೆ ಕಾಣಲಿಲ್ಲ. ಅವಳು ವಿಭೂತಿ ನೆನೆಸಿ, ಒಂದೊಂದು ಮೊಟ್ಟೆಗೂ ಒಂದು ಬದಿಗೆ ಮೂರು ಬೆರಳಿನಲ್ಲಿ ಚೆಂದವಾಗಿ ಎಳೆದಳು.

ಮಾರನೆಯ ದಿನ ವಿಲ್ಸನ್ ಗಾರ್ಡನ್ನಿನಿಂದ ನಮ್ಮ ಚಿಕ್ಕಮ್ಮ ಬಂದರು. ಕಣ್ಣಿಗೆ ಪೊರೆ. ಒಳಗೆ ದೀಪ, ತೇವಕ್ಕೆಂದು ಇಟ್ಟ ಬಟ್ಟಲಲ್ಲಿ ನೀರು, ಸಾಲಾಗಿ ವಿಭೂತಿ. ಚಿಕ್ಕಮ್ಮ ಡಬ್ಬದ ಮುಂದೆ ಕೈಮುಗಿದು, ಕಣ್ಣಿಗೆ ಒತ್ತಿಕೊಂಡು, ರಿಟೈರಾದ ಮೇಲಾದರೂ ನಿನಗೆ ಭಕ್ತಿ ಬಂತಲ್ಲ ಎಂದು ನನ್ನ ತಲೆ ಸವರಿದರು.

ಮೂರು: ಅಪ್ಪ ಯಾರು?

ಇಪ್ಪತ್ತೊಂದು ದಿನವಾಯಿತು. ಇಪ್ಪತ್ತೈದೂ ಆಯಿತು. ಏನೂ ಇಲ್ಲ. ನಾನು ಊಟ ಸೇರದೆ ಡಬ್ಬದ ಮುಂದೆ ಕೂತಿದ್ದೆ. ಹೆಂಡತಿಗೆ ಕರಿಬೇವು ಕೊಡಲು ಜರಗನಹಳ್ಳಿಯ ಅಜ್ಜಿ ಬಂದರು. ಹೊಲವಿದ್ದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟು, ಹಿತ್ತಲನ್ನು ಮಾತ್ರ ತಮ್ಮ ನಾಟಿ ಕೋಳಿಗಳಿಗೆ ಉಳಿಸಿಕೊಂಡವರು ಅವರು. ಡಬ್ಬದೊಳಗೆ ಇಣುಕಿ, ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಾ ನಕ್ಕರು.

"ಮೇಷ್ಟ್ರೇ, ಇವು ಫಾರಂ ಮೊಟ್ಟೆ. ಆ ಕೋಳಿಗಳು ಹುಂಜದ ಮುಖಾನೇ ನೋಡಿರಲ್ಲ."

ನಾನು ತಲೆ ತಗ್ಗಿಸಿದೆ. ಗಂಡು ಹೆಣ್ಣು ಕೂಡದೆ ಮರಿಯಿಲ್ಲ ಎಂದು ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನೇ. ಆದರೆ ಅಂಗಡಿಯ ಮೊಟ್ಟೆ ಹುಂಜವಿಲ್ಲದ ಮೊಟ್ಟೆ ಎಂಬುದು ತಿನ್ನುವವರಿಗೆಲ್ಲ ಗೊತ್ತು, ತಿನ್ನದ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅಜ್ಜಿ ಬೀದಿಯಲ್ಲೆಲ್ಲ ಹೇಳಿಕೊಂಡು ನಗಬಹುದಿತ್ತು. ಹೇಳಿಕೊಂಡು ನಕ್ಕರು, ನಿಜ. ಆದರೆ ಮಾರನೆಯ ಬೆಳಿಗ್ಗೆ ತಮ್ಮ ಹಿತ್ತಲಿನ ಆರು ಮೊಟ್ಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಂದರು. ಕಂಕುಳಲ್ಲಿ ದೊಡ್ಡದೊಂದು ಕೆಂಪು ಹುಂಜ ಕತ್ತು ಕೊಂಕಿಸುತ್ತಿತ್ತು.

"ಈ ಸಲ ಅನುಮಾನ ಬೇಡ ಮೇಷ್ಟ್ರೇ. ಅಪ್ಪನ್ನೂ ಕರ್ಕೊಂಡು ಬಂದಿದೀನಿ."

ನಾಲ್ಕು: ಇಸ್ತ್ರಿ ಗಾಡಿ

ಅಜ್ಜಿಯ ಮೊಟ್ಟೆ ಇಟ್ಟ ಹತ್ತೊಂಬತ್ತನೇ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಸಂಜೆಯವರೆಗೆ ರಿಪೇರಿಯಂತೆ. ಮಧ್ಯಾಹ್ನ ಒಂದಕ್ಕೆ ಯುಪಿಎಸ್ಸೂ ಕೂಗಿ ಕೂಗಿ ಸುಮ್ಮನಾಯಿತು. ಥರ್ಮಾಮೀಟರು ಇಳಿಯುತ್ತಾ ಹೋಯಿತು. ಹಿಂದಿನ ದಿನವಷ್ಟೇ ಅಜ್ಜಿ ಟಾರ್ಚು ಹಿಡಿದು, ಒಳಗೆ ಜೀವ ಅಲುಗುವುದನ್ನು ತೋರಿಸಿದ್ದರು.

ದಾರಿ ಹೊಳೆದದ್ದು ಹೆಂಡತಿಗೆ. ನಮ್ಮ ಬೀದಿ ಕೊನೆಯ ಇಸ್ತ್ರಿಯವರದು ಇನ್ನೂ ಇದ್ದಿಲಿನ ಪೆಟ್ಟಿಗೆ. ಅವಳು ಹಳೇ ಪಂಚೆಗಳನ್ನು ಎತ್ತಿಕೊಂಡು ಓಡಿದಳು. ಆತ ಪಂಚೆ ಕಾಯಿಸಿ, ಮಡಿಸಿ, ಕೈಯ ಹಿಂಬದಿಗೆ ಒತ್ತಿ ನೋಡಿ ಕೊಡುವುದು, ಅವಳು ತರುವುದು, ನಾನು ಡಬ್ಬಕ್ಕೆ ಹೊದಿಸಿ ತಣ್ಣಗಾದದ್ದನ್ನು ವಾಪಸು ಕಳಿಸುವುದು. ಕರೆಂಟು ಬರುವವರೆಗೆ ನಾಲ್ಕು ಗಂಟೆ ಹೀಗೇ ನಡೆಯಿತು. ಆತನಿಗೆ ಹೇಗೆ ಕೃತಜ್ಞತೆ ಹೇಳಲಿ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಮಧ್ಯೆ ಮಹಡಿ ಮನೆಯವರು ಹೋಗಿ ತಮ್ಮ ಶರ್ಟು ಕೇಳಿದರಂತೆ. ಇಸ್ತ್ರಿಯವರು ತಲೆಯನ್ನೂ ಎತ್ತದೆ, "ಶರ್ಟು ನಾಳೆ ಸಾರ್. ಇವತ್ತು ಹೆರಿಗೆ ಕೇಸ್ ಇದೆ" ಎಂದರಂತೆ.

ಐದು: ಇಪ್ಪತ್ತೊಂದನೇ ದಿನ

ಬೆಳಿಗ್ಗೆ ಒಂದು ಮೊಟ್ಟೆಯಲ್ಲಿ ಬಿರುಕು ಕಂಡಿತು. ಅಜ್ಜಿ ಬಂದರು, ಇಸ್ತ್ರಿಯವರು ಗಾಡಿ ಬಿಟ್ಟು ಬಂದರು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅರೆಕೆರೆಯ ಆ ತಾಯಿ, ಮಗಳನ್ನು ಕರೆದುಕೊಂಡು, ಕಾಯಿಲೆಯ ಮೇಷ್ಟ್ರನ್ನು ನೋಡಲು ಬಂದಿದ್ದರು. ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಹೆಂಡತಿಗೆ ಕೊಟ್ಟು, ಸಾರ್‌ಗೆ ಅಂತ ತಂದೆ ಎಂದರು.

ನಾನು ಹುಡುಗಿಯನ್ನು ಡಬ್ಬದ ಹತ್ತಿರ ಕೂರಿಸಿದೆ. ಬಿರುಕು ದೊಡ್ಡದಾಯಿತು. ಒಳಗಿನಿಂದ ಪುಟ್ಟ ಕೊಕ್ಕು ಟಕ್ ಟಕ್ ಎಂದು ಕುಕ್ಕಿತು, ದಣಿದು ಮಲಗಿತು, ಮತ್ತೆ ಕುಕ್ಕಿತು. ಒದ್ದೆಮುದ್ದೆಯಾದ ಮರಿಯೊಂದು ಹೊರಗೆ ಉರುಳಿತು. ನನ್ನ ಕಣ್ಣು ತುಂಬಿ ಬಂದಿತ್ತು.

"ಪುಟ್ಟಿ, ಅವತ್ತು ನಾನು ಸುಳ್ಳು ಹೇಳಿದ್ದೆ. ಇವತ್ತೇ ಮೊದಲು ನೋಡ್ತಿರೋದು" ಎಂದೆ.

"ಗೊತ್ತಿತ್ತು ಸಾರ್" ಎಂದಳು ಹುಡುಗಿ. "ನೀವು ಬೋರ್ಡ್ ಮೇಲೆ ಮರಿ ಒದ್ಕೊಂಡು ಬರೋ ಹಾಗೆ ಬರೆದಿದ್ರಿ. ಅದು ಕೊಕ್ಕಲ್ಲಿ ಕುಕ್ಕೊಂಡು ಬರುತ್ತೆ. ಅದಕ್ಕೇ ಕೇಳಿದ್ದು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಮ ಲಾಸ್ಟ್ ಕ್ಲಾಸ್ ಅಲ್ವಾ ಸಾರ್."

ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಏನು ಕಲಿಸಿದೆನೋ, ಈ ಮಗು ನನ್ನ ಮಾನ ಉಳಿಸಿತ್ತು. ನನಗೆ ಕಾಯಿಲೆಯೂ ಇಲ್ಲ ಎಂದು ಅವಳ ತಾಯಿಗೂ ಹೇಳಿ ಕ್ಷಮೆ ಕೇಳಿದೆ. ಆಕೆ ಒಳ್ಳೆಯದಾಯಿತು ಬಿಡಿ ಎಂದು ನಕ್ಕು, ಹೊರಡುವಾಗ ತಮ್ಮ ಡಬ್ಬಿ ಕೇಳಿದರು. ಮನೆಯಿಂದ ನಾಲ್ಕು ಮೊಟ್ಟೆ ಬೇಯಿಸಿ ತಂದಿದ್ದರಂತೆ.

ಒಳಗಿದ್ದ ಹೆಂಡತಿಗೆ ಇದು ಕೇಳಿಸಿರಲಿಲ್ಲ; ತೊಳೆದ ಖಾಲಿ ಡಬ್ಬಿ ತಂದುಕೊಟ್ಟಳು. ಆಗ ನಾನು ಥರ್ಮಾಕೋಲ್ ಡಬ್ಬದ ಮೂಲೆ ನೋಡಿದೆ. ಹೊಸದಾಗಿ ವಿಭೂತಿ ಇಟ್ಟ ನಾಲ್ಕು ಮೊಟ್ಟೆಗಳು ಬಲ್ಬಿನ ಕೆಳಗೆ ಸಾಲಾಗಿ ಕೂತಿದ್ದವು.

"ಎಷ್ಟು ಜೋಪಾನವಾಗಿ ತಂದಿದಾರೆ ನೋಡ್ರೀ" ಎಂದಳು ಹೆಂಡತಿ. "ಅರೆಕೆರೆಯಿಂದ ಇಲ್ಲಿವರೆಗೂ ಬಿಸಿ ಆರದ ಹಾಗೆ."

ಅಲ್ಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನೂ ಹೇಳಲಿಲ್ಲ. ಅವಳ ಸಮಾಧಾನಕ್ಕೆ ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ, ಬೇಯಿಸಿದ ಮೊಟ್ಟೆಗಳನ್ನು ಭಕ್ತಿಯಿಂದ ತಿರುಗಿಸಿದೆ.